ನಡುವಿನ ಜಾಗ

(ವಾರಿಜ ಕುಂದಾಪುರದ ಕಡೆಯವರು. ಮುಂಬೈಗೆ ತಾಗಿದ ಮೀರಾ ರೋಡಿನಲ್ಲಿ ಡಾನ್ಸ್ ಬಾರ್ ಹುಡುಗಿಯರಿಗೆ ಘಾಗ್ರಾ, ಚೋಲಿ ಹೊಲಿದು ಮಕ್ಕಳನ್ನು ಓದಿಸಿದವರು. ಶ್ವೇತಾ, ವಾರಿಜರ ತಂಗಿಯ ಮಗಳು, ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಾಳೆ.)

ಶ್ವೇತಾ: ಬಾರಿನ ಹುಡುಗಿಯರ ಜಗಳದ ಮಾತು ಬಂದರೆ ಸಾಕು, ಹೆಣ್ಣಿಗೆ ಹೆಣ್ಣೇ ಶತ್ರು ಅಂತ ಹೇಳಿ ಜನ ಕೈತೊಳೆದುಕೊಳ್ಳುತ್ತಾರೆ. ನನಗೆ ಅದನ್ನು ಸಹಿಸಲಾಗುವುದಿಲ್ಲ ದೊಡ್ಡಮ್ಮ. ಆ ಜಗಳ ಅವರದ್ದಲ್ಲ, ಅವರು ಕುಣಿಯುವ ನೆಲದ್ದು.

ವಾರಿಜ: ನೆಲದ್ದು ಅಂದರೆ ಎಂತ? ಬಿಡಿಸಿ ಹೇಳು.

ಶ್ವೇತಾ: ಹೆಚ್ಚಿನವರಿಗೆ ಸಂಬಳ ಇರಲಿಲ್ಲ. ಗಿರಾಕಿ ಉದುರಿಸಿದ ನೋಟೇ ಸಂಪಾದನೆ, ಅದರಲ್ಲೂ ಬಾರಿಗೆ ಪಾಲು. ಹೀಗಿರುವಾಗ ಪಕ್ಕದವಳ ಮೇಲೆ ಬಿದ್ದ ಹತ್ತರ ನೋಟಿನ ಕಟ್ಟು ತನ್ನ ಕೈತಪ್ಪಿದ ದುಡ್ಡಾಗಿಯೇ ಕಾಣುತ್ತದೆ. ಮಾಲೀಕ ಯಾರನ್ನೂ ಎತ್ತಿಕಟ್ಟಬೇಕಾಗಿಲ್ಲ, ಪಾಲಿನ ಲೆಕ್ಕವೇ ಎತ್ತಿಕಟ್ಟುತ್ತದೆ.

ವಾರಿಜ: ಅದು ನಾನೂ ಕಂಡದ್ದು. ನೋಟು ಆಯುವವನು ವೇಟರ್, ಯಾರ ಹೆಸರಿಗೆ ಎಷ್ಟು ಅಂತ ಬರೆಯುವವನು ಕೌಂಟರಿನಲ್ಲಿ ಕೂತವನು. ಇಬ್ಬರು ಒತ್ತಿನಲ್ಲಿ ಕುಣಿಯುವಾಗ ಬಿದ್ದ ನೋಟು ಯಾರದ್ದು? ಅಲ್ಲಿಂದಲೇ ಶುರು. ದೀಪ ಚೆನ್ನಾಗಿ ಬೀಳುವ ನಡುವಿನ ಜಾಗ ದೊಡ್ಡ ಗಿರಾಕಿ ಇದ್ದವಳಿಗೆ. ಹೊಸಬಳು ಗೋಡೆ ಬದಿಗೆ. ಒಬ್ಬಳು ನನ್ನ ಹತ್ತಿರ ಹಸಿರು ಘಾಗ್ರಾಕ್ಕೆ ಜರ್ದೋಸಿ ಕೆಲಸ ಮಾಡಿಸಿದಳು. ವಾರದೊಳಗೆ ಅದೇ ಬಾರಿನ ಇನ್ನೊಬ್ಬಳು ಬಂದಳು. ಅದೇ ಹಸಿರು ಬೇಕು, ಆದರೆ ತಿರುಗುವಾಗ ಅವಳದ್ದಕ್ಕಿಂತ ಒಂದು ಗೇಣು ಹೆಚ್ಚು ಅರಳಬೇಕು ಅಂದಳು. ಬಟ್ಟೆ ಜಾಸ್ತಿ ಹಿಡಿಯಿತು, ಮಜೂರಿಯೂ ಜಾಸ್ತಿ ಆಯಿತು. ಅವರ ಪೈಪೋಟಿಯಿಂದ ಬದುಕಿದವರು ಮಾಲೀಕರು ಮಾತ್ರ ಅಲ್ಲ ಮಗಾ, ನನ್ನ ಹೊಲಿಗೆ ಮೆಷಿನೂ ಅದರಿಂದಲೇ ನಡೆದದ್ದು. ಮಾಲೀಕರಲ್ಲಿಯೂ ನಮ್ಮ ಕರಾವಳಿಯವರು ಬೇಕಾದಷ್ಟು ಇದ್ದರಲ್ಲ.

ಶ್ವೇತಾ: ಇದು ಇಂದಿನ ಏರ್ಪಾಡೂ ಅಲ್ಲ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಪ್ರಾಚೀನ ಅರ್ಥಶಾಸ್ತ್ರದಲ್ಲಿ ಗಣಿಕಾಧ್ಯಕ್ಷನ ಅಧ್ಯಾಯವೇ ಇದೆ. ರೂಪ, ಯೌವನ, ಕಲೆ ಇದ್ದವಳನ್ನು 1,000 ಪಣಕ್ಕೆ ಗಣಿಕೆಯಾಗಿ ನೇಮಿಸಬೇಕು, ಅದರ ಅರ್ಧಕ್ಕೆ ಒಬ್ಬ ಪ್ರತಿಗಣಿಕೆಯನ್ನೂ ಇಡಬೇಕು ಅನ್ನುತ್ತದೆ. ರೂಪ ಮಾಸಿದವಳು ಮುಂದಿನವರಿಗೆ ಮಾತೃಕೆ, ಅಂದರೆ ಅವರನ್ನು ನೋಡಿಕೊಳ್ಳುವ ತಾಯಿ. ನೋಡಿ, ಎದುರಾಳಿಯನ್ನು ನಿಲ್ಲಿಸಿದ್ದು ಹೆಣ್ಣಿನ ಹೊಟ್ಟೆಕಿಚ್ಚಲ್ಲ, ಸರಕಾರದ ಖಜಾನೆ. ಮುದುಕಿಯಾದ ಮೇಲೆ ಎಳೆಯವಳ ಮೇಲೆ ಅಧಿಕಾರ ಕೊಟ್ಟದ್ದೂ ಅದೇ.

ವಾರಿಜ: ಒಪ್ಪಿದೆ. ಆದರೆ ಎಲ್ಲ ನೆಲದ್ದೇ, ಖಜಾನೆಯದ್ದೇ ಆದರೆ ಆ ಹುಡುಗಿಯರದ್ದು ಅಂತ ಉಳಿಯುವುದು ಎಂತ? ಹೊಸಬಳು ಕುಣಿಯಲು ಹೊರಡುವ ಹೊತ್ತಿಗೆ ಅವಳ ಗೆಜ್ಜೆ ಬಚ್ಚಿಟ್ಟವಳೊಬ್ಬಳು ಗೊತ್ತು ನನಗೆ. ಅದೇ ಬಾರಿನಲ್ಲಿ, ತನ್ನ ಗಿರಾಕಿಗೆ ಹೇಳಿ ಹೊಸಬಳಿಗೆ ಮೊದಲ ಕಟ್ಟು ಹಾಕಿಸಿದವಳೂ ಗೊತ್ತು. ಇಬ್ಬರಿಗೂ ಮನೆ ಬಾಡಿಗೆ ಇತ್ತು, ಊರಿಗೆ ಕಳಿಸುವ ದುಡ್ಡು ಇತ್ತು. ಕೆಟ್ಟದ್ದನ್ನು ನೆಲದ ಮೇಲೆ ಹಾಕಿದರೆ ಒಳ್ಳೆಯದನ್ನೂ ಅದರ ಮೇಲೆಯೇ ಹಾಕಬೇಕಾಗುತ್ತದೆ. ಆ ಎರಡನೆಯವಳ ಹೆಚ್ಚುಗಾರಿಕೆಯನ್ನು ನಾನು ಬಿಟ್ಟುಕೊಡುವುದಿಲ್ಲ.

ಶ್ವೇತಾ: ಬಿಟ್ಟುಕೊಡಿ ಅಂತ ನಾನೂ ಹೇಳುವುದಿಲ್ಲ. ಒಳ್ಳೆಯವಳಾಗಲು ಅವಳು ತೆರಬೇಕಾದ ಬೆಲೆ ಅಷ್ಟು ದೊಡ್ಡದಾಗಿರಬಾರದು ಅನ್ನುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಸ್ಟಿ ಲೇಡಿ ಅಂತ ಒಂದು ಜಾಗ ಇತ್ತು, ಹುಡುಗಿಯರು ಗಾಜಿನಾಚೆ ಬೆತ್ತಲೆ ಕುಣಿಯುವುದು. ಅಲ್ಲಿ ಗಂಟೆಗಿಷ್ಟು ಅಂತ ಕೂಲಿ. ಆದರೂ ಹೆಚ್ಚು ದುಡ್ಡು ಬರುವ ಖಾಸಗಿ ಬೂತಿನ ಪಾಳಿ ಕಪ್ಪು ನರ್ತಕಿಯರಿಗೆ ಸಿಗುತ್ತಿರಲಿಲ್ಲ ಅಂತ ದೂರು ಎದ್ದಿತು. 1997ರ ಹೊತ್ತಿಗೆ ಅವರು ಯೂನಿಯನ್ ಕಟ್ಟಿದ್ದರು, 2003ರಲ್ಲಿ ಕೆಲಸಗಾರರೇ ಸಹಕಾರಿ ಮಾಡಿ ಆ ಜಾಗವನ್ನೇ ಕೊಂಡರು, 2013ರವರೆಗೆ ನಡೆಸಿದರು.

ವಾರಿಜ: ನಮ್ಮಲ್ಲಿಯೂ ಯೂನಿಯನ್ ಆಯಿತಲ್ಲ, ವರ್ಷಾ ಕಾಳೆಯವರದ್ದು. ಅದು ಕಣ್ಣು ಬಿಡುವಷ್ಟರಲ್ಲಿ 2005ರ ಆಗಸ್ಟಿನಲ್ಲಿ ಸರಕಾರ ಬಾರಿನ ಕುಣಿತ ನಿಷೇಧಿಸಿ ಬಾಗಿಲೇ ಮುಚ್ಚಿಸಿತು. ತ್ರೀ ಸ್ಟಾರ್ ಹೋಟೆಲಿನಲ್ಲಿ ಕುಣಿಯಬಹುದು, ನಮ್ಮ ಹುಡುಗಿಯರು ಕುಣಿಯಬಾರದು. ಹೆಣ್ಣಿನ ಮಾನ ಕಾಯುವ ಕಾನೂನಂತೆ! ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಶ್ವೇತಾ: ಕೆಲಸ ಕಳೆದುಕೊಂಡವರು ಸುಮಾರು 75,000 ಅಂತ ಕೋರ್ಟಿನ ಮುಂದೆ ಅಂದಾಜು ಬಂದಿತ್ತು. 2006ರಲ್ಲಿ ಹೈಕೋರ್ಟು, 2013ರಲ್ಲಿ ಸುಪ್ರೀಂ ಕೋರ್ಟು ನಿಷೇಧ ತಪ್ಪು ಅಂದವು. ಸರಕಾರ ಮತ್ತೆ ಕಾನೂನು ತಂದಿತು, ವೇದಿಕೆ ಮೇಲೆ ಒಮ್ಮೆಗೆ ನಾಲ್ಕೇ ಜನ ಅನ್ನುವಂಥ ಷರತ್ತು ಬಂತು. ಪೈಪೋಟಿ ತಗ್ಗುವುದು ಹೇಗೆ ಹೇಳಿ? ಮಾನ ಕಾಯುತ್ತೇವೆ ಅಂದವರೇ ಜಾಗವನ್ನು ಕಿರಿದು ಮಾಡಿದರು.

ವಾರಿಜ: 2019ರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ನೋಟು ಉದುರಿಸುವ ಹಾಗಿಲ್ಲ, ಟಿಪ್ಸ್ ಕೊಡಬಹುದು ಅಂತ ಬಂತಲ್ಲ, ಅದು ಒಂದು ಲೆಕ್ಕಕ್ಕೆ ಒಳ್ಳೆಯದೇ. ಕೈಗೆ ಕೊಟ್ಟರೆ ಯಾರದ್ದು ಅಂತ ತಕರಾರಿಲ್ಲ.

ಶ್ವೇತಾ: ಆದರೆ ಪಾಲು? ಅದನ್ನು ಕೇಳಬೇಕಾದರೆ ಅವರು ಒಟ್ಟಾಗಬೇಕು.

ವಾರಿಜ: ಅದಕ್ಕೇ ನಾನು ಹೇಳುವುದು. ಯೂನಿಯನ್ನಿನ ಮೀಟಿಂಗಿಗೆ ಹೋಗಿ, ಗೆಜ್ಜೆ ಬಚ್ಚಿಟ್ಟವಳನ್ನು ಅಲ್ಲಿ ಕಂಡು ಎದ್ದು ಬಂದಳು ಆ ಹೊಸಬಳು. ನನ್ನ ಅಂಗಡಿಯಲ್ಲಿ ಕೂತು ಅತ್ತಳು. ಪಾಲಿನ ಲೆಕ್ಕ ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ.

ಶ್ವೇತಾ: ಮತ್ತೆ ಹೋದಳಾ?

ವಾರಿಜ: ಹೋದಳು. ಬಚ್ಚಿಟ್ಟವಳು ಮನೆತನಕ ಬಂದು ತಪ್ಪಾಯಿತು ಅಂದ ಮೇಲೆ. ಆ ತಪ್ಪಾಯಿತು ಅನ್ನುವುದನ್ನು ನೆಲ ಹೇಳಲಿಕ್ಕೆ ಆಗುವುದಿಲ್ಲ ಮಗಾ. ನೀನು ಪಾಠ ಮಾಡುವಾಗ ಅದನ್ನೂ ಸೇರಿಸು.

ಶ್ವೇತಾ: ಸೇರಿಸುತ್ತೇನೆ ದೊಡ್ಡಮ್ಮ. ಪಾಲಿನ ಲೆಕ್ಕ ಮುಗಿಸಿದ ಮೇಲೆ.

ವಾರಿಜ: ಮೊದಲೇ ಸೇರಿಸು.