ಒಬ್ಬರ ಬರಹ, ಇನ್ನೊಬ್ಬರ ಸಾಧನೆ

ಜೊತೆಯವರ ದುಃಖಕ್ಕೆ ಮರುಗುವುದು ಅಷ್ಟೇನೂ ಕಷ್ಟವಲ್ಲ. ಜೊತೆಯವರ ಗೆಲುವಿಗೆ ಮನಸಾರೆ ಹಿಗ್ಗುವುದು ಕಷ್ಟ. ಅದರಲ್ಲೂ ಇಬ್ಬರೂ ಒಂದೇ ಹಾದಿ ಹಿಡಿದವರಾಗಿದ್ದು, ಒಬ್ಬರು ನಾಲ್ಕು ಹೆಜ್ಜೆ ಮುಂದೆ ಹೋದಾಗ ಹಿಂದೆ ಉಳಿದವರ ಮನಸ್ಸು ಏನಾಗಬೇಕು? ಈ ಪ್ರಶ್ನೆಯನ್ನು ನಮ್ಮ ಹಿರಿಯರು ಲೋಕವ್ಯವಹಾರದ ಮಾತೆಂದು ಬಿಟ್ಟುಬಿಡಲಿಲ್ಲ, ಸಾಧನೆಯ ವಿಷಯವಾಗಿಯೇ ಎತ್ತಿಕೊಂಡರು. ಮೈತ್ರಿ, ಕರುಣೆ, ಮುದಿತ, ಉಪೇಕ್ಷೆ ಎಂಬ ನಾಲ್ಕು ಭಾವನೆಗಳನ್ನು ಪತಂಜಲಿಯ ಯೋಗಸೂತ್ರವೂ ಹೇಳುತ್ತದೆ, ಬೌದ್ಧರೂ ಹೇಳುತ್ತಾರೆ. ಮುದಿತ ಎಂದರೆ ಇನ್ನೊಬ್ಬರ ಒಳಿತನ್ನು ಕಂಡು ಪಡುವ ಸಂತೋಷ. ಇದು ತಾನಾಗಿ ಬರುವುದಿಲ್ಲ, ಅಭ್ಯಾಸದಿಂದ ಬರಬೇಕು. ಧ್ಯಾನಕ್ಕೆ ಕೂರುವವರಿಗೆ ಹೇಳಿದ ಈ ಅಭ್ಯಾಸ ಬರೆಯಲು ಕೂರುವವರಿಗೂ ಅಷ್ಟೇ ಬೇಕು ಎಂಬುದು ನನ್ನ ನಂಬಿಕೆ.

ನಾನು ಇಂಡಿ ಸೀಮೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನಮ್ಮಲ್ಲಿ ಬರೆಯುವ ಹುಚ್ಚಿನವರ ಒಂದು ಸಣ್ಣ ಕೂಟವಿದೆ. ತಿಂಗಳ ಮೊದಲ ಭಾನುವಾರ ಊಟ ಮುಗಿಸಿ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಒಬ್ಬರು ಬಸ್ ಕಂಡಕ್ಟರು, ಒಬ್ಬರು ಟೇಲರು, ಒಬ್ಬಾಕೆ ಆಶಾ ಕಾರ್ಯಕರ್ತೆ, ಡಿಗ್ರಿ ಓದುವ ಇಬ್ಬರು ಹುಡುಗರು, ನಾನು. ಹೆಸರು ಮಾಡಿದವರು ಯಾರೂ ಇಲ್ಲ. ಬರೆದದ್ದನ್ನು ಓದುತ್ತೇವೆ, ಕೇಳುತ್ತೇವೆ, ಮಾತಾಡುತ್ತೇವೆ. ಬೇಸಿಗೆಯಲ್ಲಿ ಕೋಣೆಯ ತಗಡು ಕಾದು ಕೂರಲಾಗದಿದ್ದರೆ ಹೊರಗಿನ ಬೇವಿನ ಮರದ ಕೆಳಗೆ ಜಮಖಾನೆ ಹಾಸಿಕೊಳ್ಳುತ್ತೇವೆ.

ಒಮ್ಮೆ ಆಶಾ ಕಾರ್ಯಕರ್ತೆ ಒಂದು ಪದ್ಯ ತಂದಿದ್ದಳು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದವರ ಮನೆಗೆ ಆಶಾ ಕಾರ್ಯಕರ್ತೆಯರು ನಲವತ್ತೆರಡು ದಿನದೊಳಗೆ ಆರು ಸಲ ಹೋಗಬೇಕು: ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡು. ಹೋದಾಗ ಕೂಸನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ, ಮೇಲೆ ತೂಕದ ಕೊಂಡಿಗೆ ಸಿಕ್ಕಿಸಿ, ಕೈಯೆತ್ತಿ ಹಿಡಿದು ತೂಗಬೇಕು. ಪದ್ಯ ಅಲ್ಲಿಂದಲೇ ಶುರುವಾಗಿತ್ತು. ಎರಡನೆಯ ನುಡಿಗೆ ಬರುವಷ್ಟರಲ್ಲಿ ತಾಯಿ ದೇವತೆಯಾದಳು, ಮಗು ಹೂವಾಯಿತು, ಭೂಮಿ ತೊಟ್ಟಿಲಾಯಿತು. ಓದಿ ಮುಗಿಸಿ ಎಲ್ಲರ ಮುಖ ನೋಡಿದಳು. ಹುಡುಗರು ಚಪ್ಪಾಳೆಗೆ ಕೈಯೆತ್ತಿದ್ದರು. ಅಷ್ಟರಲ್ಲಿ ಕಂಡಕ್ಟರು ಮೆಲ್ಲಗೆ ಕೇಳಿದರು: "ಅಕ್ಕಾರ, ಆ ಕೂಸಿನ ತೂಕ ಎಷ್ಟಿತ್ರಿ?"

ಆಕೆ ಥಟ್ಟನೆ ಹೇಳಿದಳು: "ಎರಡು ಕಿಲೋಕ್ಕ ಸ್ವಲ್ಪ ಕಮ್ಮಿ ಇತ್ತರಿ. ಮುಳ್ಳು ಅಲ್ಲಾಡಾಕತ್ತಿತ್ತು. ಕೂಸು ಅಲ್ಲಾಡಾಕತ್ತದೋ ನನ್ನ ಕೈ ನಡಗಾಕತ್ತದೋ ತಿಳೀಲಿಲ್ಲ."

"ಹಂಗಾರ ಅದನ್ನ ಬರೀರಲಾ," ಎಂದರು ಕಂಡಕ್ಟರು.

ಅವರು ಪದ್ಯವನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ. ಆಕೆ ಕಣ್ಣಾರೆ ಕಂಡದ್ದು ಆಕೆಗೆ ಮರಳಿ ಸಿಗುವಂತೆ ಒಂದು ಪ್ರಶ್ನೆ ಕೇಳಿದರು. ಮುಂದಿನ ತಿಂಗಳು ಬಂದ ಪದ್ಯದಲ್ಲಿ ದೇವತೆ ಇರಲಿಲ್ಲ, ಹೂವಿರಲಿಲ್ಲ. ಅಲ್ಲಾಡುವ ಮುಳ್ಳು ಇತ್ತು, ಅದನ್ನೇ ನೋಡುತ್ತ ನಿಂತ ಅಜ್ಜಿಯೊಬ್ಬಳಿದ್ದಳು. ಹುರಿದುಂಬಿಸುವುದು ಎಂದರೆ ಇದು ಎಂದು ನನಗೆ ಅನಿಸಿದೆ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಮೂರು ಬಗೆಯ ತಪಸ್ಸಿನ ಮಾತು ಬರುತ್ತದೆ: ದೇಹದ್ದು, ಮಾತಿನದು, ಮನಸ್ಸಿನದು. ಮಾತಿನ ತಪಸ್ಸಿಗೆ ಅಲ್ಲಿ ಹೇಳಿರುವ ಲಕ್ಷಣಗಳನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಆಡಿದ ಮಾತು ಕೇಳಿದವರನ್ನು ಕಲಕಬಾರದು, ನಿಜವಾಗಿರಬೇಕು, ಹಿತವೆನಿಸಬೇಕು, ಒಳಿತನ್ನೂ ಮಾಡಬೇಕು. ಇವುಗಳ ಜೊತೆಗೇ ಸ್ವಾಧ್ಯಾಯದ ಅಭ್ಯಾಸವನ್ನೂ ಹೇಳಿದೆ. ಹೊಸದಾಗಿ ಬರೆಯುವವರೊಬ್ಬರು ಹಾಳೆ ಹಿಡಿದು ನಮ್ಮೆದುರು ಕೂತಾಗ ಇವೆಲ್ಲವನ್ನೂ ಒಟ್ಟಿಗೆ ಪಾಲಿಸುವುದು ಎಷ್ಟು ಕಷ್ಟ! ನಿಜ ಹೇಳಿದರೆ ನೋಯುತ್ತಾರೆ. ಹಿತವಾಗಿ ಹೇಳಹೋದರೆ ಸುಳ್ಳಾಗುತ್ತದೆ. ನಿಜವೂ ಹಿತವೂ ಆದ ಮಾತು ಕೆಲವೊಮ್ಮೆ ಯಾವ ಉಪಯೋಗಕ್ಕೂ ಬಾರದು. ಕಂಡಕ್ಟರು ಕೇಳಿದ ಆ ಪುಟ್ಟ ಪ್ರಶ್ನೆಯಲ್ಲಿ ಎಲ್ಲವೂ ಕೂಡಿಬಂದಿದ್ದವು. ಅವರು ಆಕೆಯ ಪದ್ಯವನ್ನು ಅಷ್ಟು ಗಮನವಿಟ್ಟು ಕೇಳಿದ್ದರಿಂದಲೇ ಅದು ಸಾಧ್ಯವಾಯಿತು. ಗೀತೆ ಇದನ್ನು ತಪಸ್ಸೆಂದು ಕರೆದದ್ದರ ಕಾರಣ ಹೊಳೆಯುವುದು ಇಲ್ಲೇ. ನಾಲಗೆ ಚಾತುರ್ಯ ಇದ್ದರೆ ಸಾಲದು. ಮಾತಿಗೆ ಮೊದಲು ನಮ್ಮನ್ನು ನಾವು ಬದಿಗಿಟ್ಟು ಕೇಳಬೇಕು.

ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ನಾನು ಪ್ರತಿವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಹೇಳುತ್ತೇನೆ. ಎಳೆಯ ಹೆಣ್ಣುಮಗಳೊಬ್ಬಳು ಎಲ್ಲವನ್ನೂ ಬಿಟ್ಟು ಬಂದಿದ್ದಾಳೆ. ಅಲ್ಲಮಪ್ರಭು ಬಾಯ್ತುಂಬ ಹೊಗಳಿ ಒಳಗೆ ಕರೆಯುವುದಿಲ್ಲ. ನಿನ್ನ ಗಂಡ ಯಾರು ಎಂದು ಕೇಳುತ್ತಾನೆ. ಉಡುಗೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಕೇಳುತ್ತಾನೆ. ಮೇಲ್ನೋಟಕ್ಕೆ ಕಟುವಾದ ಪ್ರಶ್ನೆಗಳು. ಒಂದೊಂದಕ್ಕೂ ಉತ್ತರಿಸುತ್ತ ಹೋದಂತೆ ಅಕ್ಕನ ನಿಲುವು ಆ ಸಭೆಯ ಎಲ್ಲ ಶರಣರಿಗೂ ನಿಚ್ಚಳವಾಗುತ್ತದೆ. ಕೊನೆಗೆ ಅವರೆಲ್ಲ ಅವಳಿಗೆ ತಲೆಬಾಗುತ್ತಾರೆ. ಅಲ್ಲಮ ಅವಳನ್ನು ಕುಗ್ಗಿಸಲೆಂದು ಕೇಳಲಿಲ್ಲ. ಉತ್ತರ ಅವಳಲ್ಲಿದೆ ಎಂಬ ವಿಶ್ವಾಸವಿದ್ದದ್ದರಿಂದ ಕೇಳಿದ. ಪ್ರಶ್ನೆ ಕೇಳುವುದೇ ಒಂದು ಗೌರವ. ಯಾರಿಂದ ಏನೂ ಆಗದು ಎಂದು ನಾವು ಅಂದುಕೊಂಡಿರುತ್ತೇವೋ ಅವರನ್ನು ಏನೂ ಕೇಳದೆ "ಚಲೋ ಆಗೇದ" ಎಂದು ಹೇಳಿ ಕಳಿಸಿಬಿಡುತ್ತೇವೆ.

ಹತ್ತನೆಯ ಶತಮಾನದ ಹೊತ್ತಿನ ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ಪ್ರತಿಭೆ ಎರಡು ಬಗೆ ಎಂದ: ಕಾವ್ಯವನ್ನು ಮಾಡುವ ಕಾರಯಿತ್ರೀ, ಕಾವ್ಯವನ್ನು ಬಗೆಯುವ ಭಾವಯಿತ್ರೀ. ಎರಡನೆಯದು ಕವಿಯ ಶ್ರಮವನ್ನೂ ಅಭಿಪ್ರಾಯವನ್ನೂ ಅರಿಯುತ್ತದೆ; ಕವಿಯ ಕೆಲಸವೆಂಬ ಮರ ಫಲ ಬಿಡುವುದು ಅದರಿಂದಲೇ, ಇಲ್ಲವಾದರೆ ಅದು ಬರೀ ಬಂಜೆಮರ ಎಂದು ಅವನ ಮತ. ಓದುವವರನ್ನು ಅವನು ನಾಲ್ಕು ಬಗೆಯಾಗಿ ವಿಂಗಡಿಸಿದ. ಏನೂ ರುಚಿಸದವರು. ಹುಲ್ಲುಕಡ್ಡಿ ಸಮೇತ ಎಲ್ಲವನ್ನೂ ನುಂಗುವವರು. ಮತ್ಸರಿಗಳು. ತತ್ವದಲ್ಲೇ ಮನಸ್ಸು ನೆಟ್ಟವರು. ಕೊನೆಯವರು ಸಾವಿರಕ್ಕೊಬ್ಬರು ಎಂದು ಬೇರೆ ಹೇಳಿದ್ದಾನೆ.

ಮತ್ಸರಿಯ ವಿಷಯದಲ್ಲಿ ಅವನ ಮಾತು ಬಹಳ ಸೂಕ್ಷ್ಮ. ಮತ್ಸರಿಗೆ ಗುಣ ಕಾಣಿಸುವುದಿಲ್ಲ ಎಂದು ಅವನು ಹೇಳುವುದಿಲ್ಲ. ಗುಣ ಕಾಣಿಸುತ್ತದೆ, ಆದರೆ ಇನ್ನೊಬ್ಬರ ಗುಣವೆಂದು ಅವನು ತುಟಿ ಬಿಚ್ಚುವುದಿಲ್ಲ. ಹಾಗಾಗಿ ಕಂಡದ್ದೂ ಕಾಣದಂತೆಯೇ ಸರಿ. ನಮ್ಮ ಕೂಟದಂಥ ಕಡೆ ಮೌನವೂ ಒಂದು ಹಿಂಸೆಯಾಗಬಲ್ಲದು. ಚೆನ್ನಾಗಿರುವ ಒಂದು ಸಾಲನ್ನು ಗುರುತಿಸಿಯೂ ಹೇಳದೆ ಮನೆಗೆ ಹೋದರೆ, ಆ ಸಾಲು ಬರೆದವರಿಗೆ ಯಾವ ದಾರಿ ತಮ್ಮದೆಂದು ತಿಳಿಯುವುದೇ ಇಲ್ಲ.

ಐದನೆಯ ಶತಮಾನದಲ್ಲಿ ಸಿಂಹಳದಲ್ಲಿ ಕೂತು ವಿಸುದ್ಧಿಮಗ್ಗ ಬರೆದ ಬುದ್ಧಘೋಷ ಇನ್ನೊಂದು ಎಚ್ಚರ ಹೇಳುತ್ತಾನೆ. ಮೈತ್ರಿ, ಕರುಣೆ, ಮುದಿತಗಳಲ್ಲಿ ಒಂದೊಂದಕ್ಕೂ ದೂರದ ಶತ್ರು ಒಂದು, ಹತ್ತಿರದ ಶತ್ರು ಒಂದು. ದೂರದ ಶತ್ರುವನ್ನು ಗುರುತಿಸುವುದು ಸುಲಭ. ಹತ್ತಿರದ ಶತ್ರು ಆ ಗುಣದ ವೇಷದಲ್ಲೇ ಬರುತ್ತದೆ. ಮುದಿತಕ್ಕೆ ಹತ್ತಿರದ ಶತ್ರು ತನಗೆ ಬೇಕಾದದ್ದು ಸಿಕ್ಕಿತೆಂಬ ಲೌಕಿಕ ಸಂತೋಷ. ನೀನು ನನ್ನನ್ನು ಹೊಗಳು, ನಾನು ನಿನ್ನನ್ನು ಹೊಗಳುತ್ತೇನೆ ಎಂಬ ಸಾಹಿತ್ಯದ ಕೊಡುಕೊಳ್ಳುವಿಕೆ ಈ ಜಾತಿಯದು ಎಂದು ನಾನು ತಿಳಿದಿದ್ದೇನೆ. ನೋಡಲು ಪ್ರೋತ್ಸಾಹದಂತೆಯೇ ಇರುತ್ತದೆ. ಅಲ್ಲಿ ಯಾರೂ ಯಾರ ಬರಹವನ್ನೂ ಓದಿರುವುದಿಲ್ಲ, ಅಷ್ಟೇ.

ಹಾಗಾದರೆ ಮತ್ಸರವನ್ನು ದಾಟುವುದು ಹೇಗೆ? ಇದಕ್ಕೆ ನನಗೆ ಸಿಕ್ಕ ಉತ್ತರ ಟೇಲರ್ ಅಣ್ಣನದು. ನಮ್ಮಲ್ಲಿ ಅವರೂ ಕಂಡಕ್ಟರೂ ಒಂದು ಪತ್ರಿಕೆಯ ದೀಪಾವಳಿ ವಿಶೇಷಾಂಕಕ್ಕೆ ಕಥೆ ಕಳಿಸಿದ್ದರು. ಕಂಡಕ್ಟರ ಕಥೆ ಅಚ್ಚಾಯಿತು, ಅಣ್ಣನದು ಆಗಲಿಲ್ಲ. ಸಂಚಿಕೆ ಬಂದ ದಿನ ಇಂಡಿಗೆ ಹೋಗಿ ಪ್ರತಿ ತಂದವರು ಅಣ್ಣನೇ. ಕೂಟದಲ್ಲಿ ಕಥೆಯನ್ನು ಗಟ್ಟಿಯಾಗಿ ಓದಿದವರೂ ಅವರೇ. ಆಮೇಲೆ ಚಹಾ ಕುಡಿಯುವಾಗ ತಾವಾಗಿಯೇ ಹೇಳಿದರು: "ಟೀಚರ, ಹೆಸರು ನೋಡಿದ ಕೂಡ್ಲೆ ಹೊಟ್ಯಾಗ ಸಂಕಟ ಆತ್ರಿ. ಸುಳ್ಳ್ಯಾಕ ಹೇಳ್ಲಿ? ಬಸ್ಸಿನ್ಯಾಗ ಕುಂತು ಓದಾಕ ಹತ್ತಿದೆ. ಓದಕೋತ ಓದಕೋತ ಸಂಕಟ ಎಲ್ಲಿ ಹೋತೋ ಗೊತ್ತಾಗಲಿಲ್ಲ. ಕತಿ ಅಷ್ಟ ಉಳೀತು."

ಅವರ ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡು ತಿರುವಿ ಹಾಕಿದ್ದೇನೆ. ಸಂಕಟ ಆದದ್ದು ಹೆಸರು ಕಂಡಾಗ. ಹೋದದ್ದು ಕಥೆ ಓದಿದಾಗ. ಮತ್ಸರದ ಕಣ್ಣು ಬರೆದವರ ಮೇಲಿರುತ್ತದೆ, ಮುದಿತದ ಕಣ್ಣು ಬರೆದದ್ದರ ಮೇಲಿರುತ್ತದೆ. ಆದ್ದರಿಂದ ಮತ್ಸರದೊಡನೆ ನೇರವಾಗಿ ಗುದ್ದಾಡಿ ಫಲವಿಲ್ಲ. ಮನಸ್ಸನ್ನು ಬೈದರೆ ಅದು ಇನ್ನಷ್ಟು ಮುದುಡುತ್ತದೆ. ಬರಹವನ್ನು ತೆರೆದು ಓದಬೇಕು, ಅದರ ಒಳಗೆ ಹೋಗಬೇಕು. ಅಹಂಕಾರವನ್ನು ಬಿಡು ಎಂದು ಎಲ್ಲ ಧರ್ಮಗಳೂ ಹೇಳುತ್ತವೆ. ಬರೆಯುವವರಿಗೆ ಅದರ ದಾರಿ ಇನ್ನೊಬ್ಬರ ಹಾಳೆಯ ಮೇಲೆಯೇ ಇದೆ.

ನಮ್ಮ ಸೀಮೆಯಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಹಲಸಂಗಿಯ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾ. 1903ರಲ್ಲಿ ಹುಟ್ಟಿದ ಮಧುರಚೆನ್ನರು ಬದುಕಿನುದ್ದಕ್ಕೂ ದೇವರನ್ನು ಹುಡುಕಿದವರು, ಶ್ರೀ ಅರವಿಂದರಿಗೆ ಒಲಿದವರು. ಆ ಹುಡುಕಾಟದ ಬೇಗೆಯನ್ನು ಪೂರ್ವರಂಗ, ಕಾಳರಾತ್ರಿ, ಬೆಳಗು ಎಂಬ ಪುಸ್ತಕಗಳಲ್ಲಿ ಬರೆದಿಟ್ಟರು. ಅಂಥವರು ಗೆಳೆಯರ ಜೊತೆ ಸೇರಿ ಮಾಡಿದ ಕೆಲಸ ಯಾವುದು? ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೇಳಿ ಬರೆದುಕೊಂಡದ್ದು. ಗರತಿಯ ಹಾಡು 1931ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಮುನ್ನುಡಿಯೊಂದಿಗೆ ಬಂತು. ಮುಂದೆ ಜೀವನ ಸಂಗೀತ, ಮಲ್ಲಿಗೆ ದಂಡೆ ಬಂದವು. ತಾವೇ ಬರೆಯುವ ಶಕ್ತಿಯಿದ್ದ ತರುಣರು, ಹೆಸರೇ ಇಲ್ಲದ ತಾಯಂದಿರ ಹಾಡಿಗೆ ಕಿವಿಯಾಗಿ ಕೂತರು. ಹೆಸರಿಲ್ಲದಲ್ಲಿ ಮತ್ಸರಕ್ಕೆ ಜಾಗವಿಲ್ಲ. ಹಾಡು ಮಾತ್ರ ಇರುತ್ತದೆ. ದೇವರ ಹುಡುಕಾಟವೂ ಹಾಡಿನ ಸಂಗ್ರಹವೂ ಮಧುರಚೆನ್ನರಿಗೆ ಬೇರೆ ಬೇರೆ ಎನಿಸಿರಲಾರದು ಎಂದು ನಾನು ಭಾವಿಸುತ್ತೇನೆ. ಎರಡರಲ್ಲೂ ತನ್ನನ್ನು ಹಿಂದೆ ಸರಿಸಿಕೊಳ್ಳುವ ಒಂದೇ ಅಭ್ಯಾಸವಿದೆ.

ಅದೇ ಕಾಲದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತ್ತು. ಬೇಂದ್ರೆಯವರನ್ನು ಕಾವ್ಯಗುರುವೆಂದು ಕಂಡ ವಿ. ಕೃ. ಗೋಕಾಕರು ಅದರಲ್ಲಿದ್ದರು; ಇಬ್ಬರಿಗೂ ಮುಂದೆ ಜ್ಞಾನಪೀಠ ಬಂತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸೆಳೆಯುವುದು ಇನ್ನೊಂದು ಸಂಗತಿ. ಆ ಗುಂಪಿನವರು ಯಾರೂ ಮರಿ ಬೇಂದ್ರೆ ಆಗಲಿಲ್ಲ. ಶಂ. ಬಾ. ಜೋಶಿ ಸಂಸ್ಕೃತಿ ಸಂಶೋಧನೆಯ ಹಾದಿ ಹಿಡಿದರು. ರಂ. ಶ್ರೀ. ಮುಗಳಿ ಸಾಹಿತ್ಯ ಚರಿತ್ರೆ ಬರೆದರು. ಜಿ. ಬಿ. ಜೋಶಿ ಮನೋಹರ ಗ್ರಂಥಮಾಲೆ ಕಟ್ಟಿ ಇತರರ ಪುಸ್ತಕಗಳನ್ನು ಬೆಳಕಿಗೆ ತಂದರು. ಒಳ್ಳೆಯ ಒಡನಾಟ ಎಲ್ಲರನ್ನೂ ಒಂದೇ ಅಚ್ಚಿಗೆ ಒತ್ತುವುದಿಲ್ಲ, ಅವರವರ ದಾರಿ ಅವರವರಿಗೆ ಕಾಣುವಂತೆ ಮಾಡುತ್ತದೆ.

ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಪ್ರತಿಭೆ ಅಷ್ಟಕ್ಕಷ್ಟೇ ಇರುವವರನ್ನೂ ಹೀಗೆ ಹುರಿದುಂಬಿಸುವುದು ಸರಿಯೇ, ಅದು ಅವರಿಗೆ ಮಾಡುವ ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ನೀವು ದೊಡ್ಡ ಲೇಖಕರಾಗುತ್ತೀರಿ ಎಂದು ಆಸೆ ಹುಟ್ಟಿಸಿದರೆ ಖಂಡಿತ ಮೋಸ. ಆ ಮಾತು ನಿಜವೂ ಅಲ್ಲ, ಒಳಿತೂ ಅಲ್ಲ. ಆದರೆ ಈ ಸಾಲು ನಿಮ್ಮದು, ಈ ಸಾಲು ಎಲ್ಲಿಂದಲೋ ಬಂದದ್ದು ಎಂದು ತೋರಿಸುವುದರಲ್ಲಿ ಮೋಸವೇನಿದೆ? ಫಲದ ಭರವಸೆ ಕೊಡುವುದು ನಮ್ಮ ಅಧಿಕಾರವಲ್ಲ. ಕೆಲಸಕ್ಕೆ ಜೊತೆಯಾಗುವುದು ನಮ್ಮ ಕರ್ತವ್ಯ. ನಮ್ಮ ಆಶಾ ಕಾರ್ಯಕರ್ತೆಯ ಸಂಕಲನ ಎಂದಾದರೂ ಬರುತ್ತದೋ ಇಲ್ಲವೋ. ಈಗ ಆಕೆ ಕೂಸನ್ನು ತೂಗುವಾಗ ಮುಳ್ಳಿನ ಜೊತೆಗೆ ಬಾಣಂತಿಯ ಮುಖವನ್ನೂ ನೋಡುತ್ತೇನೆ ಎನ್ನುತ್ತಾಳೆ. ಕಂಡದ್ದನ್ನು ಕಂಡ ಹಾಗೆ ನೋಡುವ ಈ ಎಚ್ಚರ ಬರಹದಿಂದ ಬಂದದ್ದು. ಇದು ಪುಸ್ತಕಕ್ಕಿಂತ ಕಡಿಮೆಯ ಫಲವೆಂದು ನನಗೆ ಅನಿಸುವುದಿಲ್ಲ.

ಬರೆಯಬೇಕೆಂದು ಒದ್ದಾಡುತ್ತಿರುವ ಎಳೆಯರು ನನ್ನಲ್ಲಿಗೆ ಬಂದು, ಎಲ್ಲಿಂದ ಶುರು ಮಾಡಬೇಕು ಟೀಚರ್ ಎಂದು ಕೇಳುತ್ತಾರೆ. ದಿನಾ ಬರೆಯಿರಿ ಎಂದು ಎಲ್ಲರೂ ಹೇಳಿರುತ್ತಾರೆ, ಅದು ಸರಿಯೇ. ನಾನು ಇನ್ನೊಂದನ್ನೂ ಸೇರಿಸುತ್ತೇನೆ. ನಿಮ್ಮ ಹಾಗೆಯೇ ಬರೆಯುವ ಇನ್ನೊಬ್ಬರನ್ನು ಹುಡುಕಿಕೊಳ್ಳಿ. ಅವರು ಬರೆದದ್ದನ್ನು ಎರಡು ಸಲ ಓದಿ: ಒಮ್ಮೆ ಹೆಸರು ಮರೆಯುವುದಕ್ಕೆ, ಒಮ್ಮೆ ಬರಹ ತಿಳಿಯುವುದಕ್ಕೆ. ಚೆನ್ನಾಗಿರುವ ಸಾಲನ್ನು ಬಾಯಿಬಿಟ್ಟು ಹೇಳಿ. ಅವರಷ್ಟೇ ಉತ್ತರಿಸಬಲ್ಲ ಒಂದು ಪ್ರಶ್ನೆ ಕೇಳಿ. ಅವರ ಕಥೆ ಅಚ್ಚಾದ ದಿನ ನಿಮಗೆ ಸಂಕಟವಾದರೆ ಗಾಬರಿಯಾಗಬೇಡಿ, ಕಥೆ ತೆರೆದು ಓದಿ. ಇಷ್ಟನ್ನು ಕೆಲವು ವರ್ಷ ಬಿಡದೆ ಮಾಡಿದರೆ ಗೆಳೆಯರ ಬರಹ ಬೆಳೆಯುತ್ತದೆ. ನಿಮ್ಮದೂ ಬೆಳೆಯಬಹುದು. ಬೆಳೆಯದಿದ್ದರೂ, ಇನ್ನೊಬ್ಬರ ಒಳಿತನ್ನು ತನ್ನದೆಂಬಂತೆ ಉಣ್ಣಬಲ್ಲ ಮನಸ್ಸು ನಿಮ್ಮದಾಗಿರುತ್ತದೆ. ಯೋಗಿಗಳು ವರ್ಷಗಟ್ಟಲೆ ಕೂತು ಬೇಡುವುದೂ ಆ ಮನಸ್ಸನ್ನೇ.