ಪರದೆಯ ಮೇಲೆ ಊರಹಬ್ಬ

2020 ಮತ್ತು 2021ರ ಸಾಂಕ್ರಾಮಿಕದ ಕಾಲದಲ್ಲಿ ದೇವಸ್ಥಾನ, ಮಸೀದಿ, ಚರ್ಚುಗಳ ಬಾಗಿಲು ಮುಚ್ಚಿದ್ದರೂ ಹಬ್ಬಗಳು ನಿಲ್ಲಲಿಲ್ಲ, ಅವು ಮೊಬೈಲಿನ ಪರದೆಗೆ ಬಂದವು ಅಷ್ಟೆ, ಭಕ್ತಿಗೆ ಇದರಿಂದ ನಷ್ಟವೇನೂ ಆಗಲಿಲ್ಲ ಎಂಬ ಮಾತು ಆ ದಿನಗಳಲ್ಲಿ ಸಮಾಧಾನದ ಮಾತಾಗಿ ಹುಟ್ಟಿ ಈಗ ಒಂದು ಸಿದ್ಧಾಂತದಂತೆ ಚಲಾವಣೆಯಲ್ಲಿದೆ. ಸಮಾಧಾನವಾಗಿ ಅದನ್ನು ಯಾರೂ ಆಕ್ಷೇಪಿಸಲಾರರು. ಸಿದ್ಧಾಂತವಾಗಿ ಮಾತ್ರ ಅದು ತಪ್ಪು, ಸಹನೆ ಕೆಡಿಸುವಷ್ಟು ತಪ್ಪು. ಏಕೆಂದರೆ ಊರು ಕೂಡಿ ಮಾಡುವ ಆರಾಧನೆಯೆಂದರೆ ಒಂದು ನೋಟವೆಂದೂ, ಅಲ್ಲಿ ನೆರೆದವರೆಲ್ಲ ಪ್ರೇಕ್ಷಕರೆಂದೂ, ನೋಟವನ್ನು ಮನೆಗೆ ತಲುಪಿಸಿದರೆ ಆರಾಧನೆಯೂ ತಲುಪಿತೆಂದೂ ಅದು ಮೊದಲೇ ಒಪ್ಪಿಕೊಂಡುಬಿಟ್ಟಿದೆ. ಬಾಗಿಲು ಮುಚ್ಚಿದ್ದು ಸರಿಯೇ ಎಂಬುದು ಇಲ್ಲಿಯ ಚರ್ಚೆಯಲ್ಲ, ಮುಚ್ಚಲೇಬೇಕಿತ್ತು. ಮುಚ್ಚಿದಾಗ ನಿಂತುಹೋದದ್ದು ಏನು ಎಂಬುದಷ್ಟೇ ಪ್ರಶ್ನೆ.

2020ರ ಯುಗಾದಿ ಮಾರ್ಚ್ 25ರಂದು, ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನವೇ ಬಂದಿತು. ಕೋಲಾರ ಜಿಲ್ಲೆಯಲ್ಲಿ ಮೇ ತಿಂಗಳ ಎರಡನೆಯ ವಾರದವರೆಗೆ ಒಂದು ಪ್ರಕರಣವೂ ವರದಿಯಾಗದೆ ಅದು ಹಸಿರು ವಲಯದಲ್ಲೇ ಇತ್ತು. ಆದರೂ ಆ ಜಿಲ್ಲೆಯ ವೇಮಗಲ್ ಸುತ್ತಿನ ಹಳ್ಳಿಗಳಲ್ಲಿ ಚೈತ್ರ, ವೈಶಾಖಗಳಲ್ಲಿ ಬರುವ ಊರಹಬ್ಬಗಳು ನಡೆಯಲಿಲ್ಲ, ಬೆಂಗಳೂರಿನ ಕರಗದ ಮೆರವಣಿಗೆಯೂ ಹೊರಡಲಿಲ್ಲ. ಮೇ ತಿಂಗಳಲ್ಲಿ ಮುಜರಾಯಿ ಇಲಾಖೆಯು ಆಯ್ದ ದೇವಾಲಯಗಳ ಸೇವೆಗಳನ್ನು ಆನ್‌ಲೈನಿನಲ್ಲಿ ಕಾಯ್ದಿರಿಸುವ ವ್ಯವಸ್ಥೆಯನ್ನು ಪ್ರಕಟಿಸಿತು, ಜೂನ್ 8ರಂದು ಬಾಗಿಲುಗಳು ನಿಯಮಗಳೊಡನೆ ತೆರೆದವು, ಅಕ್ಟೋಬರಿನಲ್ಲಿ ಮೈಸೂರಿನ ಜಂಬೂ ಸವಾರಿ ಅರಮನೆಯ ಆವರಣದೊಳಗೇ ಮುಗಿದು ಉಳಿದ ನಾಡು ಅದನ್ನು ಪರದೆಯಲ್ಲಿ ನೋಡಿತು.

ಮನಸ್ಸಿನಲ್ಲೇ ನಡೆಸುವ ಮಾನಸಪೂಜೆ ಶ್ರೇಷ್ಠವೆನ್ನುವ ಶಾಸ್ತ್ರವಾಕ್ಯಗಳನ್ನು ಈ ಸಿದ್ಧಾಂತದ ಬೆಂಬಲಕ್ಕೆ ತರುವುದುಂಟು. ಎದುರು ಪಕ್ಷಕ್ಕೆ, ಸಮಾಜವೇ ತನ್ನನ್ನು ತಾನು ಪೂಜಿಸಿಕೊಳ್ಳುತ್ತದೆಂದು 1912ರಲ್ಲಿ ವಾದಿಸಿದ ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಒದಗುತ್ತಾನೆ. ಎರಡೂ ಪಕ್ಷದವರು ಎಲ್ಲದಕ್ಕೂ ಮೊದಲೇ ಉತ್ತರ ಸಿದ್ಧವಿಟ್ಟುಕೊಂಡಿರುವುದರಿಂದ ಅವರೊಡನೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ. ನಿಜವಾಗಿ ಎದುರಿಸಬೇಕಾದವನು ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ (1842–1910). ಎಡಿನ್‌ಬರೋದಲ್ಲಿ ನೀಡಿ 1902ರಲ್ಲಿ ಪುಸ್ತಕವಾಗಿಸಿದ ಉಪನ್ಯಾಸಗಳಲ್ಲಿ ಅವನು ಧರ್ಮವನ್ನು, ಮನುಷ್ಯನೊಬ್ಬ ತನ್ನ ಏಕಾಂತದಲ್ಲಿ ದೈವವೆಂದು ತಾನು ಬಗೆದುದರ ಎದುರು ನಿಂತಾಗಿನ ಭಾವ, ಕ್ರಿಯೆ, ಅನುಭವಗಳೆಂದು ಗುರುತಿಸಿದನು. ಪುರೋಹಿತರು, ವಿಧಿಗಳು, ಸಂಘಟನೆಗಳೆಲ್ಲ ಅವನಿಗೆ ಎರಡನೆಯ ಕೈಯವು, ಯಾರೋ ಒಬ್ಬನ ಮೊದಲ ಅನುಭವದಿಂದ ಹೊರಟು ಆಮೇಲೆ ರೂಢಿಯಾಗಿ ಗಟ್ಟಿಯಾದವು. ಈ ಗೆರೆಯನ್ನು ತನ್ನ ಉಪನ್ಯಾಸಗಳ ಅನುಕೂಲಕ್ಕಾಗಿ ಎಳೆದುಕೊಂಡೆನೆಂದು ಅವನೇ ಪ್ರಾಮಾಣಿಕವಾಗಿ ಒಪ್ಪಿದ್ದಾನೆ. ಅವನ ಹೆಸರೇ ಕೇಳದ ಕೋಟ್ಯಂತರ ಜನ ಮಾತ್ರ ಇಂದು ಆ ಗೆರೆಯನ್ನೇ ಪ್ರಕೃತಿಸಹಜವೆಂಬಂತೆ ಒಪ್ಪಿದ್ದಾರೆ. ಪರದೆಯ ಮುಂದೆ ಒಬ್ಬೊಬ್ಬರೇ ಕುಳಿತು ಕೈಮುಗಿದರೂ ಹಬ್ಬ ಪೂರ್ಣವೆನ್ನಬೇಕಾದರೆ, ಪಕ್ಕದಲ್ಲಿ ನಿಲ್ಲಬೇಕಾಗಿದ್ದವರು ಮೊದಲಿನಿಂದಲೂ ಹೆಚ್ಚುವರಿಯಾಗಿದ್ದರೆಂದು ಒಪ್ಪಲೇಬೇಕಾಗುತ್ತದೆ.

ವೇಮಗಲ್ ಹೋಬಳಿಯ ಹಳ್ಳಿಗಳಲ್ಲಿ ಗ್ರಾಮದೇವತೆಗೆ ದೀಪ ಹೊರುವ ಪದ್ಧತಿಯನ್ನು ಹತ್ತಿರದಿಂದ ನೋಡಿದರೆ ಈ ಒಪ್ಪಿಗೆ ಎಷ್ಟು ಕಷ್ಟದ್ದೆಂದು ತಿಳಿಯುತ್ತದೆ. ಅಕ್ಕಿಹಿಟ್ಟಿಗೆ ಬೆಲ್ಲ ಬೆರೆಸಿ ಗಟ್ಟಿಯಾಗಿ ನಾದಿದ ತಂಬಿಟ್ಟನ್ನು ಗೋಪುರದಂತೆ ಎತ್ತಿ, ನೆತ್ತಿಯಲ್ಲಿ ಕುಳಿ ಮಾಡಿ, ತುಪ್ಪ ಹಾಕಿ ಬತ್ತಿ ಇಟ್ಟು, ಸುತ್ತ ಹೂ ಸುತ್ತಿದ ತಟ್ಟೆಯನ್ನು ಮನೆಗೊಬ್ಬ ಹೆಂಗಸು ತಲೆಯ ಮೇಲೆ ಹೊತ್ತು ಸಾಲಿನಲ್ಲಿ ನಡೆಯುತ್ತಾಳೆ. ತಮಟೆ ಬರುವತನಕ ಸಾಲು ಹೊರಡುವುದಿಲ್ಲ, ಪಂಜು ಹಿಡಿಯುವವರು ಬರದೆ ಮುಂದೆ ಸಾಗುವುದಿಲ್ಲ, ಗಾಳಿಗೆ ಒಂದು ದೀಪ ಆರಿದರೆ ಹಿಂದಿನವಳು ತನ್ನ ದೀಪದಿಂದ ಹೊತ್ತಿಸಿಕೊಡಬೇಕು, ಹಿಂತಿರುಗಿದ ತಂಬಿಟ್ಟಿನಲ್ಲಿ ಪೂಜಾರಿಗೂ ಆಯಗಾರರಿಗೂ (ಊರಿನ ಕಸುಬುಗಳ ಪಾಲುದಾರರಿಗೂ) ಭಾಗ ತೆಗೆದಿಟ್ಟ ಮೇಲೆಯೇ ಮನೆಯವರ ಬಾಯಿಗೆ. ಲಾಕ್‌ಡೌನಿನ ಆ ವರ್ಷ ಈ ಲೇಖಕನ ಮನೆಯಲ್ಲಿ ತಂಬಿಟ್ಟು ಎಂದಿನಂತೆಯೇ ಆಯಿತು, ದೀಪವನ್ನು ಮೊಬೈಲಿನ ಮುಂದೆ ಇಟ್ಟು ಪೂಜಾರಿ ವಾಟ್ಸಾಪಿನಲ್ಲಿ ಕಳಿಸಿದ ಮಂಗಳಾರತಿಯ ವಿಡಿಯೊಗೆ ಎಲ್ಲರೂ ಕೈಮುಗಿದರು, ಪೂಜೆಯಲ್ಲಿ ಯಾರಿಗೂ ಕೊರತೆ ಕಾಣಲಿಲ್ಲ. ಕೊರತೆ ಕಂಡದ್ದು ಭಾಗಗಳನ್ನು ಮುರಿದಿಟ್ಟ ಮೇಲೆ, ಅವುಗಳನ್ನು ಒಯ್ಯುವವರು ಯಾರೂ ಬಾರದೆ ಮೂರನೆಯ ದಿನ ಅವು ಗಟ್ಟಿಯಾಗಿ ಹಸುವಿನ ಕಲಗಚ್ಚಿಗೆ ಹೋದಾಗ.

ದೇವಿಯ ನೋಟ ತಪ್ಪಿರಲಿಲ್ಲ. ಒಬ್ಬರು ಬಾರದಿದ್ದರೆ ಇನ್ನೊಬ್ಬರ ಕೆಲಸ ನಿಲ್ಲುತ್ತದೆ ಎಂಬ ಸ್ಥಿತಿ ತಪ್ಪಿಹೋಗಿತ್ತು. ಸಾಮೂಹಿಕ ಆರಾಧನೆಯ ತಿರುಳು ಈ ಸ್ಥಿತಿಯಲ್ಲಿದೆ, ಗೈರುಹಾಜರಿಗೆ ಅಲ್ಲಿ ಬೆಲೆಯಿದೆ ಎಂಬುದು ಈ ಬರಹದ ವಾದ. ನೇರಪ್ರಸಾರವನ್ನು ಹತ್ತು ಜನ ನೋಡಿದರೂ ಹತ್ತು ಸಾವಿರ ಜನ ನೋಡಿದರೂ ಪೂಜೆ ಒಂದೇ ರೀತಿ ಮುಗಿಯುತ್ತದೆ, ಅಲ್ಲಿ ಯಾರ ಗೈರೂ ಯಾರನ್ನೂ ತಡೆಯುವುದಿಲ್ಲ.

ಈ ವಿಚಾರವನ್ನು ಅತ್ಯಂತ ಸ್ಪಷ್ಟವಾಗಿ ನಿಯಮಕ್ಕಿಳಿಸಿದವರು ಯಹೂದಿಗಳು. ಅವರ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ವಯಸ್ಕರು ಸೇರಬೇಕು, ಸಂಪ್ರದಾಯಸ್ಥರಲ್ಲಿ ಹತ್ತು ಗಂಡಸರು. ಈ ಕೋರಂಗೆ ಮಿನ್ಯಾನ್ ಎಂದು ಹೆಸರು. ಒಂಬತ್ತೇ ಜನರಿದ್ದರೆ ಸತ್ತವರಿಗಾಗಿ ಮನೆಯವರು ಹೇಳುವ ಕದ್ದೀಶ್ ಪ್ರಾರ್ಥನೆಯನ್ನು ಹೇಳುವಂತಿಲ್ಲ, ಆ ಒಂಬತ್ತು ಮಂದಿಯೂ ಎಷ್ಟೇ ಪುಣ್ಯವಂತರಾಗಿದ್ದರೂ. 2020ರ ಏಪ್ರಿಲ್ 8ರ ಹುಣ್ಣಿಮೆ ಇಲ್ಲಿ ಚೈತ್ರದ ಹುಣ್ಣಿಮೆಯಾಗಿತ್ತು. ಅದೇ ಸಂಜೆ ಲೋಕದಾದ್ಯಂತ ಯಹೂದಿಗಳು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ನೆನೆಯುವ ಪೆಸಾಹ್ ಹಬ್ಬದ ಊಟಕ್ಕೆ, ಬಂಧುಬಳಗವೆಲ್ಲ ಒಂದೇ ಮೇಜಿಗೆ ಸೇರಬೇಕಾದ ಊಟಕ್ಕೆ, ಮುಚ್ಚಿದ ಮನೆಗಳಲ್ಲಿ ಕುಳಿತರು. ಒಂಟಿಯಾದ ಮುದುಕರಿಗಾಗಿ ವಿಡಿಯೊ ಕರೆ ಇರಲೆಂದು ಇಸ್ರೇಲಿನ ಕೆಲವು ರಬ್ಬಿಗಳು ಅನುಮತಿ ನೀಡಿದರು, ಹಬ್ಬದ ದಿನ ವಿದ್ಯುತ್ ಉಪಕರಣ ಬಳಸುವುದು ನಿಷಿದ್ಧವೆಂದು ಹಿರಿಯ ಪೀಠಗಳು ಅದನ್ನು ವಿರೋಧಿಸಿದವು. ಅಮೆರಿಕದ ಕನ್ಸರ್ವೇಟಿವ್ ಪಂಥದವರು ವಿಪತ್ತಿನ ಕಾಲಕ್ಕೆ ಮಾತ್ರವೆಂದು ಹೇಳಿ ವಿಡಿಯೊ ಮಿನ್ಯಾನಿಗೆ ಒಪ್ಪಿದರು. ಸಂಪ್ರದಾಯಸ್ಥರು ಒಪ್ಪದೆ, ಎದುರುಬದುರು ಬಾಲ್ಕನಿಗಳಲ್ಲಿ ನಿಂತು ಹತ್ತನ್ನು ಎಣಿಸಿಕೊಂಡರು. ತೀರ್ಪುಗಳು ಬೇರೆಯಾದರೂ, ಹತ್ತನೆಯವನು ಇದ್ದಾನೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಇವರಲ್ಲಿ ಯಾರೂ ನಗಣ್ಯವೆಂದು ಭಾವಿಸಲಿಲ್ಲ ಎಂಬುದು ಗೌರವಕ್ಕೆ ಅರ್ಹವಾದ ಸಂಗತಿ.

ಜೇಮ್ಸ್ ಇಷ್ಟಕ್ಕೆ ಸೋಲುವವನಲ್ಲ. ಹೊಣೆ, ಪಾಲು, ಲೆಕ್ಕ ಇವೆಲ್ಲ ಸಮಾಜದ ಕಟ್ಟುಪಾಡು, ಅದನ್ನು ಧರ್ಮವೆಂದು ಏಕೆ ಕರೆಯಬೇಕೆಂದು ಅವನು ಕೇಳಬಹುದು; ಮನುಷ್ಯನಿಗೆ ದೈವ ನಿಜವಾಗಿ ಬೇಕಾಗುವ ಗಳಿಗೆಯಲ್ಲಿ ಊರು ಜೊತೆಗಿರುವುದಿಲ್ಲವೆಂದೂ ಹೇಳಬಹುದು. 2021ರ ಏಪ್ರಿಲ್, ಮೇ ತಿಂಗಳುಗಳನ್ನು ಕಂಡವರು ಈ ಮಾತನ್ನು ತಳ್ಳಿಹಾಕಲಾರರು. ಕೋವಿಡ್ ವಾರ್ಡಿನಲ್ಲಿ ಆಮ್ಲಜನಕದ ಕೊಳವೆಯೊಡನೆ ಮಲಗಿದವರ ಬಳಿ ಮಕ್ಕಳಿಗೂ ಪ್ರವೇಶವಿರಲಿಲ್ಲ, ಅಪ್ಪನ ಚಿತೆಯನ್ನು ಮೊಬೈಲಿನಲ್ಲಿ ನೋಡಿದ ಮನೆಗಳು ಈ ತಾಲ್ಲೂಕುಗಳಲ್ಲೂ ಇವೆ, ಅಲ್ಲಿ ಯಾರಾದರೂ ಪ್ರಾರ್ಥಿಸಿದ್ದರೆ ಒಬ್ಬರೇ ಪ್ರಾರ್ಥಿಸಿದರು. ಆ ಪ್ರಾರ್ಥನೆಯನ್ನು ಅಪೂರ್ಣವೆನ್ನುವ ಧೈರ್ಯ ಯಾವ ವಾದಕ್ಕೂ ಇರಬಾರದು.

ಆದರೂ ಜೇಮ್ಸನ ಪುಸ್ತಕದಲ್ಲೇ ಅವನಿಗೆ ವಿರುದ್ಧವಾದ ಒಂದು ಸಾಕ್ಷ್ಯವಿದೆ. ರೋಗಗ್ರಸ್ತ ಮನಸ್ಸನ್ನು ಕುರಿತ ಅಧ್ಯಾಯದಲ್ಲಿ, ಇದ್ದಕ್ಕಿದ್ದಂತೆ ಎರಗಿದ ಭಯದಿಂದ ಕುಸಿದುಹೋದ ಒಬ್ಬ ಫ್ರೆಂಚರವನ ಆತ್ಮನಿವೇದನೆಯೆಂದು ಅವನು ಒಂದು ವೃತ್ತಾಂತವನ್ನು ಕೊಡುತ್ತಾನೆ. ಅದು ಅವನದೇ ಅನುಭವವೆಂದು ಆಮೇಲೆ ತಿಳಿಯಿತು. ಆ ಭಯದ ತಳದಲ್ಲಿ ಬುದ್ಧಿ ಕೆಡದಂತೆ ತನ್ನನ್ನು ಹಿಡಿದದ್ದು, ತಾನು ಮತ್ತೆಮತ್ತೆ ಹೇಳಿಕೊಂಡ ಬೈಬಲಿನ ಕೆಲವು ವಾಕ್ಯಗಳೆಂದು ಅಲ್ಲಿ ಹೇಳಿದೆ. ಆ ವಾಕ್ಯಗಳು ಅವನ ಏಕಾಂತದಲ್ಲಿ ಹುಟ್ಟಿದವಲ್ಲ, ತಲೆತಲಾಂತರದಿಂದ ಜನ ಕೂಡಿ ಓದಿ, ಹಾಡಿ, ಮಕ್ಕಳಿಗೆ ಬಾಯಿಪಾಠ ಮಾಡಿಸಿದವು. ಎರಡನೆಯ ಕೈಯದೆಂದು ಅವನು ಬದಿಗಿಟ್ಟದ್ದೇ ಅವನ ಮೊದಲ ಅನುಭವದ ಆಸರೆಯಾಯಿತು. ವಾರ್ಡಿನಲ್ಲಿ ಮಲಗಿದವರು ನೆನೆದ ಗಂಗಮ್ಮನೋ, ಅಲ್ಲಾಹನೋ, ಯೇಸುವೋ ಹೀಗೆಯೇ ಊರು ಕೊಟ್ಟ ಹೆಸರುಗಳು. ಊರು ಕೂಡುವುದು ನಿಂತರೆ ಒಂದು ತಲೆಮಾರಿನವರೆಗೆ ಏಕಾಂತಕ್ಕೆ ಕೊರತೆ ಬಾರದಿರಬಹುದು, ಅದರ ಮುಂದಿನ ತಲೆಮಾರಿನ ಏಕಾಂತಕ್ಕೆ ಹೇಳಿಕೊಳ್ಳಲು ಏನು ಉಳಿಯುತ್ತದೆಂಬುದು ಸಣ್ಣ ಪ್ರಶ್ನೆಯಲ್ಲ.

ಇಷ್ಟಾದ ಮೇಲೆ ಪರದೆಯ ಬಗ್ಗೆಯೂ ನ್ಯಾಯ ಹೇಳಬೇಕು. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಉಗ್ರರೂಪದ ದೇವಿಯನ್ನು ನೇರವಾಗಿ ದಿಟ್ಟಿಸದೆ ಕನ್ನಡಿಯಲ್ಲಿ ಕಾಣುವ ಪದ್ಧತಿಯಿದೆ, ಉಡುಪಿಯ ಕೃಷ್ಣನನ್ನು ಕಿಂಡಿಯೊಳಗಿಂದ ನೋಡುತ್ತಾರೆ. ದೈವಕ್ಕೂ ಕಣ್ಣಿಗೂ ನಡುವೆ ಏನಾದರೂ ಬಂದರೆ ದರ್ಶನ ಕೆಟ್ಟಿತೆಂದು ಈ ನಾಡು ಎಂದೂ ಹೇಳಿಲ್ಲ. 16ನೆಯ ಶತಮಾನದ ಯಹೂದಿ ಧರ್ಮಸಂಹಿತೆ ಶುಲ್ಹಾನ್ ಅರೂಖ್ ಕೂಡ, ಪ್ರಾರ್ಥನಾಮಂದಿರದ ಹೊರಗೆ ಎತ್ತರದಲ್ಲಿದ್ದರೂ ಕಿಟಕಿಯಿಂದ ಮುಖ ತೋರಿದವನನ್ನು ಹತ್ತರ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದೆನ್ನುತ್ತದೆ. ಹಾಗಿದ್ದರೆ ಪರಸ್ಪರ ಮುಖ ಕಾಣುವ ಜೂಮ್ ಸಭೆಗೂ ಆ ಕಿಟಕಿಗೂ ಇರುವ ಅಂತರ, ಮೇಲೆ ಹೇಳಿದ ವಾದ ಬಯಸುವಷ್ಟು ದೊಡ್ಡದಲ್ಲ. ಮೈಸೂರು ರಸ್ತೆಯಲ್ಲಿ ಯಹೂದಿ ಸ್ಮಶಾನವಿದ್ದರೂ ಒಂದು ಸಿನಗಾಗ್ ಇಲ್ಲದ ಬೆಂಗಳೂರಿನಂಥ ಊರಿನ ಯಹೂದಿ ಕುಟುಂಬಕ್ಕೆ ಹತ್ತು ಮುಖಗಳು ಒಟ್ಟಿಗೆ ಕಾಣುವುದು ಪರದೆಯಲ್ಲೇ ಇರಬಹುದು. ಈ ಲೇಖಕನ ಮನೆತನದ ಹಿರಿಯ ಹೆಂಗಸೊಬ್ಬರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದು, ಊರಹಬ್ಬದ ತಮಟೆಯನ್ನು ವರ್ಷಗಟ್ಟಲೆ ಒಳಗಿನಿಂದಲೇ ಕೇಳುತ್ತಿದ್ದರು; ಎಲ್ಲರೂ ಮನೆಯಲ್ಲೇ ಉಳಿದ ಆ ಒಂದು ವರ್ಷ ಅವರು ಮಿಕ್ಕವರಿಗೆ ಸರಿಸಮನಾಗಿ ಕುಳಿತು ಮಂಗಳಾರತಿ ನೋಡಿದರು, ಮರುವರ್ಷಗಳಲ್ಲಿ ಗುಡಿಯ ಬಾಗಿಲು ತೆರೆದಾಗ ಮತ್ತೆ ಒಳಗೆ ಒಬ್ಬರೇ ಉಳಿದರು. ಅವರ ಗೈರಿನಿಂದ ಯಾವ ಕೆಲಸವೂ ನಿಂತಿರಲಿಲ್ಲವೆಂಬುದೂ ಇಲ್ಲಿಯ ವಾದಕ್ಕೆ ಅನುಕೂಲವಾದ ಸಂಗತಿಯಲ್ಲ.

ಅದಕ್ಕಿಂತ ಆಳವಾದ ತೊಡಕು ಬೇರೊಂದಿದೆ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ಗ್ರಾಮದೇವತೆಯ ಉತ್ಸವದ ಸಂದರ್ಭದಲ್ಲಿ ದೇವರ ಮೂರ್ತಿಗೆ ಸೇರಿದ ಕೋಲನ್ನು ದಲಿತ ಬಾಲಕನೊಬ್ಬ ಮುಟ್ಟಿದನೆಂದು ಅವನ ಕುಟುಂಬಕ್ಕೆ ಊರಿನ ಮುಖಂಡರು 60,000 ರೂಪಾಯಿ ದಂಡ ಹಾಕಿದರು. ಸುದ್ದಿ ಹೊರಬಿದ್ದ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು. ಮೈಗೆ ಮೈ ತಾಗುವಂತೆ ಜನ ಕೂಡುವ ಜಾಗವೇ ಯಾರ ಮೈ ಯಾವುದನ್ನು ತಾಗಬಾರದೆಂದು ಅಳೆಯುವ ಜಾಗವೂ ಹೌದು. ಪರದೆಯ ಮೇಲಿನ ಉತ್ಸವದಲ್ಲಿ ಯಾರೂ ಕೋಲು ಮುಟ್ಟಲಾರರು, ಯಾರಿಗೂ ದಂಡ ಬೀಳದು. ಪರದೆ ಜಾತಿಯನ್ನು ಅಳಿಸಲಿಲ್ಲ, ಮರೆಮಾಡಿತಷ್ಟೆ ಎಂದು ಉತ್ತರಿಸಬಹುದು, ಆ ಉತ್ತರ ನಿಜವೂ ಹೌದು. ಆದರೆ ಅದನ್ನು ಹೇಳುವುದು ಎಂದೂ ದಂಡ ತೆರದ ಮನೆಯವರಿಗೆ ಸುಲಭ.

ಗೈರುಹಾಜರಿಗೆ ಬೆಲೆಯಿರಬೇಕೆಂಬ ನಿಯಮವನ್ನೇ ಈ ಘಟನೆಯ ಪಕ್ಕದಲ್ಲಿಟ್ಟರೆ ಇನ್ನೂ ಕಠಿಣವಾದುದು ಕಾಣುತ್ತದೆ. ತಮಟೆ ಬಾರದೆ ದೀಪದ ಸಾಲು ಹೊರಡುವುದಿಲ್ಲವೆಂದರೆ ತಮಟೆಯವರು ಅನಿವಾರ್ಯರು. ಅನಿವಾರ್ಯರೆಂಬ ಕಾರಣಕ್ಕೇ ಅವರಿಗೆ ಬಾರದಿರುವ ಸ್ವಾತಂತ್ರ್ಯ ಇರಲಿಲ್ಲ, ಅವರ ಮನೆಯ ಹೆಂಗಸರಿಗೆ ಅದೇ ಸಾಲಿನಲ್ಲಿ ದೀಪ ಹೊರುವ ಅವಕಾಶವೂ ಇರಲಿಲ್ಲ. ಮಿನ್ಯಾನಿನ ಹತ್ತನೆಯವನು ಉಳಿದ ಒಂಬತ್ತು ಮಂದಿಗೆ ಸಮಾನ. ಊರಹಬ್ಬದ ತಮಟೆಯವನು ಅನಿವಾರ್ಯನಾಗಿದ್ದರೂ ಸಮಾನನಲ್ಲ. ದಲಿತ ಚಳವಳಿ ಬಿಟ್ಟಿ ಚಾಕರಿಯೆಂದು ಹೆಸರಿಟ್ಟು ನಿರಾಕರಿಸಲು ಕಲಿಸಿದ್ದು ಈ ಅನಿವಾರ್ಯತೆಯನ್ನೇ. ಹಾಗಾದರೆ ಮೊಬೈಲಿನ ಮುಂದೆ ಮುರಿದಿಟ್ಟು ಒಯ್ಯುವವರಿಲ್ಲದೆ ಉಳಿದ ತಂಬಿಟ್ಟಿನ ಭಾಗವನ್ನು ನಷ್ಟದ ಗುರುತೆಂದು ಮೇಲೆ ಹೇಳಿದ್ದು ಒಂದು ಕಡೆಯಿಂದ ಮಾತ್ರ ಕಂಡ ನಷ್ಟ. ಆ ಭಾಗಕ್ಕಾಗಿ ಬಾಗಿಲ ಹೊರಗೆ ನಿಲ್ಲಬೇಕಾಗಿದ್ದವರಿಗೆ ಆ ವರ್ಷ ನಿಲ್ಲುವುದು ತಪ್ಪಿತೆಂದೂ ಹೇಳಬಹುದು.

ಕೋಲಾರದ ಬೆಟ್ಟಗಳ ಮೇಲೆ ತೇರಹಳ್ಳಿಯಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಡಿಗರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರ, ಹುಣ್ಣಿಮೆ ಹಾಡು ಎಂಬ ಹೆಸರಿನಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ ಜನರನ್ನು ಹಾಡಿಗೂ ನಾಟಕಕ್ಕೂ ಕೂಡಿಸುತ್ತ ಬಂದಿದೆ. ಅಲ್ಲಿ ತಮಟೆ ಇದೆ, ಯಾರ ಚಾಕರಿಯಾಗಿಯೂ ಅಲ್ಲ. ಜನ ಪಕ್ಕಪಕ್ಕದಲ್ಲಿ ಕೂರುತ್ತಾರೆ, ಯಾವ ಜಾತಿಯವರೆಂಬ ಲೆಕ್ಕವಿಲ್ಲದೆ. ಜನ ಕೂಡುವುದಕ್ಕೂ ಅವಮಾನಕ್ಕೂ ಹುಟ್ಟಾ ನಂಟಿಲ್ಲವೆಂದು ತೋರಿಸಲು ಇದು ಸಾಕು. ಆದರೆ ಅಲ್ಲಿಗೆ ಬಾರದವರಿಂದ ಯಾವುದೂ ನಿಲ್ಲುವುದಿಲ್ಲ, ಬಂದವರು ಇಷ್ಟಪಟ್ಟು ಬಂದವರು. ಹೊಣೆಯೇ ತಿರುಳೆಂದು ಹಿಡಿದರೆ ಅದು ಊರಹಬ್ಬದ ಸ್ಥಾನ ತುಂಬುವುದಿಲ್ಲ, ತುಂಬುತ್ತದೆಂದರೆ ಹೊಣೆಯ ಮಾತನ್ನು ಬಿಡಬೇಕಾಗುತ್ತದೆ. ಇತ್ತ ವೇಮಗಲ್ ಕಡೆಯ ಹಳ್ಳಿಗಳಲ್ಲಿ ಹಬ್ಬಗಳು ಮತ್ತೆ ನಡೆಯುತ್ತಿವೆ, ಬೆಂಗಳೂರಿಗೆ ಹೋದವರಿಗಾಗಿ ಹುಡುಗರು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುತ್ತಾರೆ, ಮನೆವಾರು ಚಂದಾ ಫೋನ್‌ಪೇಯಲ್ಲಿ ಬರುತ್ತದೆ. ಊರಿನ ತಮಟೆಯವರ ಮಕ್ಕಳು ನರಸಾಪುರದ ಕಾರ್ಖಾನೆಗಳ ಪಾಳಿಗೆ ಹೋಗುತ್ತ, ಬಾರಿಸಲು ಒಲ್ಲೆವೆಂದ ಕಡೆ, ಹೊರಗಿನಿಂದ ಕೂಲಿ ಗೊತ್ತುಮಾಡಿದ ತಂಡ ಬರುತ್ತದೆ, ಸಾಲು ಹೊರಡುತ್ತದೆ. ಆ ಮಕ್ಕಳಲ್ಲಿ ಕೆಲವರು ಸಾಲು ಹೋಗುವುದನ್ನು ತಮ್ಮ ಮೊಬೈಲಿನಲ್ಲಿ ನೋಡುತ್ತಾರೆ, ಕೆಲವರು ನೋಡುವುದೂ ಇಲ್ಲ. ಅದನ್ನು ನಷ್ಟವೆನ್ನಬೇಕೋ ಬಿಡುಗಡೆಯೆನ್ನಬೇಕೋ ಎಂಬುದನ್ನು ಅವರು ಹೇಳಬೇಕೇ ಹೊರತು, ದೀಪ ಹೊತ್ತ ಮನೆಗಳಿಂದ ಬಂದವರು ಅವರ ಪರವಾಗಿ ಹೇಳುವುದಕ್ಕೆ ಯಾವ ಆಧಾರವಿದೆ ಎಂಬುದು ಇಲ್ಲಿ ನಡೆಸಿದ ವಾದದಿಂದ ಸಿಕ್ಕಿಲ್ಲ.