ಶೂನ್ಯ ಬಿಲ್ಲೂ ಪಾತ್ರಾಪಾತ್ರ ವಿಚಾರವೂ

ದಾನದ ಫಲವು ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನ ಭಾವ, ಪಡೆಯುವವನ ಪಾತ್ರತೆ ಇವನ್ನು ಅವಲಂಬಿಸಿದೆಯೆಂಬುದನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದ ಶ್ರಾವಕರೆಲ್ಲರೂ ಬಲ್ಲರು. ಆದರೆ ಕೊಡುವವನು ಗೃಹಸ್ಥನಾಗಿರದೆ ರಾಜ್ಯವೇ ಆಗಿ, ಕೊಡಲ್ಪಡುವ ದ್ರವ್ಯವು ಅನ್ನವಾಗಿರದೆ ಇಂಧನವಾಗಿದ್ದಾಗ ಈ ಒರೆಗಲ್ಲುಗಳನ್ನು ಹೇಗೆ ಬಳಸಬೇಕು? ಪೂರ್ವಾಚಾರ್ಯರಿಗೆ ಇಂಥ ಪ್ರಸಂಗ ಒದಗಿರಲಿಲ್ಲ. ಇಂದಿನ ಶ್ರಾವಕನಿಗೆ ಅದು ತಿಂಗಳಿಗೊಮ್ಮೆ ವಿದ್ಯುತ್ ಬಿಲ್ಲಿನ ರೂಪದಲ್ಲಿ ಮನೆಬಾಗಿಲಿಗೇ ಬರುತ್ತದೆ.

ಕರ್ನಾಟಕ ಸರ್ಕಾರವು 2023ರಲ್ಲಿ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಂತೆ, ಆ ವರ್ಷದ ಜುಲೈ ತಿಂಗಳ ಬಳಕೆಯಿಂದ ಮೊದಲ್ಗೊಂಡು, ಮನೆಯೊಂದರ ಬಳಕೆಯು 200 ಯೂನಿಟ್‌ಗಳೊಳಗಿದ್ದು, ಹಿಂದಿನ ಆರ್ಥಿಕ ವರ್ಷದ ಮಾಸಿಕ ಸರಾಸರಿಗೆ ಶೇಕಡಾ 10ನ್ನು ಕೂಡಿಸಿದ ಮಿತಿಯನ್ನು ದಾಟದಿದ್ದರೆ ಬಿಲ್ಲು ಶೂನ್ಯ. ಆ ಹಣವನ್ನು ಸರ್ಕಾರವೇ ವಿದ್ಯುತ್ ಸರಬರಾಜು ಕಂಪನಿಗಳಿಗೆ ತುಂಬಿಕೊಡುತ್ತದೆ. ಆದಾಯದ ಮಿತಿಯನ್ನು ಇಲ್ಲಿ ವಿಧಿಸಿಲ್ಲ. ಆದುದರಿಂದ ರಾಜಾಜಿನಗರದ ಒಂದು ಬೀದಿಯಲ್ಲಿ, ಬಾಡಿಗೆ ತರುವ ಎರಡು ಮಹಡಿಗಳುಳ್ಳ ನಿವೃತ್ತ ಅಧಿಕಾರಿಯ ಮನೆಯೂ, ಅದೇ ಬೀದಿಯ ಕೊನೆಯಲ್ಲಿ ನಾಲ್ವರು ಒಂದೇ ಕೋಣೆಯಲ್ಲಿ ಬಾಳುವ ಗಾರೆ ಕೆಲಸದವನ ಮನೆಯೂ ಸಮಾನವಾಗಿ ಪಾತ್ರವೆನಿಸುತ್ತವೆ. ಒಂದಂಶವನ್ನು ಮಾತ್ರ ಮರೆಯಬಾರದು. ಈ ಸೌಲಭ್ಯವು ತಾನಾಗಿ ಯಾರ ಮನೆಗೂ ಬರಲಿಲ್ಲ. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ ಪಡೆಯಬೇಕಾಯಿತು. ಹೀಗೆ ಬೇಡಿ ಪಡೆದುದನ್ನು ಕೃತ, ಕಾರಿತ, ಅನುಮೋದಿತಗಳಲ್ಲಿ ಯಾವುದಕ್ಕೂ ಸೇರಿಸದೆ ಬಿಡಲಾಗದು.

ದೀಪಕ್ಕೆ ಕೊಟ್ಟ ಸಹಾಯಧನವು ಕಲ್ಲಿದ್ದಲಿಗೆ ಕೊಟ್ಟಂತೆ ಹೇಗಾಗುತ್ತದೆಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಕರ್ನಾಟಕದ ವಿದ್ಯುತ್ತೆಲ್ಲವೂ ಕಲ್ಲಿದ್ದಲಿನದಲ್ಲ. ಶರಾವತಿಯ ನೀರು, ಪಾವಗಡದ ಬಿಸಿಲು, ಗದಗ ಚಿತ್ರದುರ್ಗಗಳ ಗಾಳಿ ಇವಕ್ಕೂ ಅದರಲ್ಲಿ ಪಾಲಿದೆ. ಆದರೆ ಸಂಜೆ ಏಳರ ಹೊತ್ತಿಗೆ, ವಿಜಯನಗರದ ಮನೆಮನೆಯಲ್ಲೂ ದೀಪ ಹೊತ್ತಿಕೊಳ್ಳುವಾಗ, ಪಾವಗಡದಲ್ಲಿ ಸೂರ್ಯ ಮುಳುಗಿರುತ್ತಾನೆ. ಮಳೆ ಕೈಕೊಟ್ಟ 2023ರಂಥ ವರ್ಷದಲ್ಲಿ ಜಲಾಶಯಗಳೂ ಬರಿದಾಗುತ್ತವೆ. ಆಗ ಭಾರ ಹೊರುವವು ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ಮೊದಲಾದೆಡೆಗಳ ಶಾಖೋತ್ಪನ್ನ ಕೇಂದ್ರಗಳು. 1985ರಲ್ಲಿ ಮೊದಲ ಘಟಕವು ಆರಂಭವಾದ ರಾಯಚೂರು ಕೇಂದ್ರದ ಸ್ಥಾಪಿತ ಸಾಮರ್ಥ್ಯವೇ 1,720 ಮೆಗಾವ್ಯಾಟ್. ಒಂದು ಯೂನಿಟ್‌ಗೆ ಹೆಚ್ಚುಕಡಿಮೆ 700 ಗ್ರಾಂ ಕಲ್ಲಿದ್ದಲು ಬೇಕು. ಭಾರತದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿ. ಅಂದರೆ ಅಲ್ಲಿಂದ ಬಂದ 100 ಯೂನಿಟ್‌ಗಳ ಹಿಂದೆ 70 ಕಿಲೋ ಕಲ್ಲಿದ್ದಲೂ, 20 ಕಿಲೋವಿಗೆ ಮೀರಿದ ಬೂದಿಯೂ, ಸುಮಾರು ಒಂದು ಕ್ವಿಂಟಾಲಿನಷ್ಟು ಇಂಗಾಲದ ಡೈಆಕ್ಸೈಡೂ ಇವೆ. ಆ ಬೂದಿಯು ಬಸವೇಶ್ವರನಗರದ ಅಂಗಳದಲ್ಲಿ ಬೀಳುವುದಿಲ್ಲ. ಸಿಮೆಂಟಿಗೂ ಇಟ್ಟಿಗೆಗೂ ಹೋಗಿ ಉಳಿದದ್ದು ಅಲ್ಲಿಯೇ ಬೂದಿಹೊಂಡಗಳಲ್ಲಿ ತುಂಬುತ್ತದೆ. ಹೊಗೆಯಂತೂ ಯಾವ ಹೊಂಡದಲ್ಲೂ ನಿಲ್ಲುವುದಿಲ್ಲ. ಒಡೆಯನು ಕೊಡದ ವಸ್ತುವನ್ನು ಮುಟ್ಟದಿರುವುದು ಅಚೌರ್ಯಾಣುವ್ರತ. ಸರ್ಕಾರವು ಬೊಕ್ಕಸದ ಹಣವನ್ನು ಕೊಡಬಲ್ಲುದು. ಶಕ್ತಿನಗರದವರು ಉಸಿರಾಡುವ ಗಾಳಿಯನ್ನು ಕೊಡುವ ಅಧಿಕಾರ ಅದಕ್ಕೆ ಎಲ್ಲಿಂದ ಬಂತು?

ಹಾಗೆಂದು ಇಂಧನದ ಸಹಾಯಧನವೆಲ್ಲವೂ ಪಾಪವೆಂದು ತೀರ್ಪು ಕೊಟ್ಟುಬಿಡುವುದು ಏಕಾಂತವಾದ. ಅಡುಗೆ ಅನಿಲವೂ ಭೂಗರ್ಭದ ಇಂಧನವೇ. ಆದರೂ 2016ರ ಮೇ 1ರಂದು ಆರಂಭವಾದ ಉಜ್ಜ್ವಲಾ ಯೋಜನೆಯಿಂದ ಸಿಲಿಂಡರ್ ಪಡೆದ ಬಡ ತಾಯಿಯು ಅಷ್ಟರಮಟ್ಟಿಗಾದರೂ ಸೌದೆಯೊಲೆಯ ಹೊಗೆಯಿಂದ ಪಾರಾದಳು. ಅಲ್ಲಿ ದ್ರವ್ಯವು ಸದೋಷವಾದರೂ ಕೊಟ್ಟದ್ದು ಕರುಣಾದಾನವೇ. ಡೀಸೆಲ್ಲಿನ ಕಥೆ ಬೇರೆ. 2014ರ ಅಕ್ಟೋಬರಿನಲ್ಲಿ ನಿಯಂತ್ರಣ ತೆಗೆಯುವವರೆಗೂ, ಬಸ್ಸಿಗಾಗಿ, ರೈತನ ಪಂಪಿಗಾಗಿ ಎಂದು ತಗ್ಗಿಸಿದ್ದ ಬೆಲೆಯಲ್ಲೇ ಸಿರಿವಂತರ ದೊಡ್ಡ ಕಾರುಗಳೂ ಓಡಿದವು. ಮೈಸೂರು ರಸ್ತೆಯಲ್ಲಿ ಕೆಂಗೇರಿಯವರೆಗೂ ಆ ಹೊಗೆಯನ್ನು ಕುಡಿದವರು ಬಸ್ಸಿಗಾಗಿ ಕಾದು ನಿಂತವರು. ಮರುವರ್ಷ, 2015ರಲ್ಲಿ, ಅನುಕೂಲಸ್ಥರು ಅಡುಗೆ ಅನಿಲದ ಸಹಾಯಧನವನ್ನು ತಾವಾಗಿ ಬಿಟ್ಟುಕೊಡಲೆಂದು ಕೇಂದ್ರ ಸರ್ಕಾರವು ಕೇಳಿಕೊಂಡಾಗ, ಸುಮಾರು ಒಂದು ವರ್ಷದಲ್ಲಿ ಒಂದು ಕೋಟಿಗೂ ಮಿಕ್ಕ ಕುಟುಂಬಗಳು ಬಿಟ್ಟವು. ಯಾವ ಗುರುವೂ ನಿಯಮ ಕೊಡದೆ ನಡೆದ ತ್ಯಾಗವದು. ನಮ್ಮ ವ್ರತಕಥೆಗಳ ನಡುವೆ ಸೇರಿಸಿದರೂ ಅನುಚಿತವೆನಿಸದು.

ಗೃಹಜ್ಯೋತಿಯಲ್ಲಿ ಬೇರೊಂದು ಸೂಕ್ಷ್ಮವಿದೆ. 200ನ್ನು ದಾಟಿದರೆ ಪೂರ್ತಿ ಬಿಲ್ಲನ್ನು ತೆರಬೇಕಾದುದರಿಂದ, ತಿಂಗಳ ಕೊನೆಯಲ್ಲಿ ಮೀಟರು ನೋಡಿ ಗೀಸರ್ ಆರಿಸುವ ಮನೆಗಳುಂಟು. ಅಷ್ಟು ಕಲ್ಲಿದ್ದಲು ಉಳಿಯಿತೆಂಬುದು ನಿಜ. ಅದನ್ನು ವ್ರತವೆನ್ನಬಹುದೇ? ಸೆರೆಯಲ್ಲಿರುವವನು ಹಸಿವನ್ನು ಸಹಿಸಿದರೆ ಶಾಸ್ತ್ರವು ಅದನ್ನು ಅಕಾಮನಿರ್ಜರೆಯೆಂದು ಕರೆಯುತ್ತದೆ, ಉಪವಾಸವೆನ್ನುವುದಿಲ್ಲ. ಫಲವೇ ಇಲ್ಲವೆಂದಲ್ಲ, ಅಲ್ಪ. ಆದರೆ ಬಾಡಿಗೆದಾರನ ಹೆಸರಿನ ಮೀಟರಿಗೆ ಅರ್ಧ ಬಳಕೆಯನ್ನು ಸಾಗಿಸಿ, ಎರಡನ್ನೂ ಮಿತಿಯೊಳಗೆ ತೋರಿಸುವವನಿಗೆ ಆ ಅಲ್ಪವೂ ದಕ್ಕದು. ಅದು ಹೀನಾಧಿಕಮಾನೋನ್ಮಾನವೆಂಬ ಅತಿಚಾರವೇ. ತಕ್ಕಡಿಯ ಬದಲು ಮೀಟರು ಬಂದಿದೆ, ಅಷ್ಟೆ.

ಸಹಾಯಧನವನ್ನು ನಿರಾಕರಿಸಿ, ಪೂರ್ತಿ ಬೆಲೆ ತೆತ್ತು, 400 ಯೂನಿಟ್ ಉರಿಸುವವನು ತಾನು ನಿರ್ದೋಷಿಯೆಂದು ಭಾವಿಸುವುದೂ ಸರಿಯಲ್ಲ. ಬೊಕ್ಕಸದ ಋಣವೇನೋ ತೀರಿತು. ಬೂದಿಯು ಹಾಗೆಯೇ ಉಳಿಯಿತು. ಅನಸ್ತಮಿತವನ್ನು ತಪ್ಪದೆ ಪಾಲಿಸಿ, ಸೂರ್ಯಾಸ್ತಕ್ಕೆ ಮೊದಲೇ ಅಡುಗೆಮನೆಯ ಬಾಗಿಲು ಹಾಕಿದ ಮನೆಯಲ್ಲೇ ನಡುರಾತ್ರಿಯವರೆಗೂ ಟಿ.ವಿ.ಯೂ ಏರ್ ಕಂಡಿಷನರೂ ನಡೆಯುವುದುಂಟು. ಭೋಗೋಪಭೋಗ ಪರಿಮಾಣವ್ರತವನ್ನು ಹಿಡಿದ ಹಿಂದಿನ ಶ್ರಾವಕನು ಇಷ್ಟು ದೀಪ, ಇಷ್ಟು ಎಣ್ಣೆ ಎಂದು ತಾನೇ ಎಣಿಸಿಕೊಳ್ಳಬೇಕಾಗಿತ್ತು. ಈಗಿನವನಿಗೆ ಆ ಶ್ರಮವಿಲ್ಲ. ಗೋಡೆಯ ಮೇಲಿನ ಮೀಟರು ಹಗಲಿರುಳೂ ಎಣಿಸುತ್ತದೆ. ಚಾತುರ್ಮಾಸದಲ್ಲಿ ಹಸಿರು ಕಾಯಿಪಲ್ಯಗಳಿಗೆ ನಿಯಮ ಹಿಡಿಯುವವರು ಯೂನಿಟ್‌ಗಳಿಗೂ ಒಂದು ಸಂಖ್ಯೆಯನ್ನು ಗೊತ್ತುಮಾಡಿಕೊಳ್ಳಲು ಅಡ್ಡಿಯೇನೂ ಇಲ್ಲ.

ರಾಜ್ಯವು ಪಾತ್ರವನ್ನು ಅಳೆಯುವ ವಿಧಿಯಲ್ಲೂ ದೋಷವಿದೆ. ಹಿಂದಿನ ಬಳಕೆಯೇ ಅಳತೆಯಾದುದರಿಂದ, ಮೊದಲಿನಿಂದ 180 ಯೂನಿಟ್ ಬಳಸುತ್ತಿದ್ದವನಿಗೆ 198 ಉಚಿತವಾದರೆ, 30ರಲ್ಲಿ ಬದುಕುತ್ತಿದ್ದವನಿಗೆ 33 ಮಾತ್ರ. ಭೋಗಕ್ಕೆ 18 ಯೂನಿಟ್ ಬಹುಮಾನ, ಮಿತವ್ಯಯಕ್ಕೆ 3. 2024ರ ಜನವರಿಯಲ್ಲಿ ಸಚಿವ ಸಂಪುಟವು, 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್‌ಗಳನ್ನೇ ಹೆಚ್ಚಿಗೆ ಕೊಡಲು ತೀರ್ಮಾನಿಸಿ ಈ ದೋಷವನ್ನು ತುಸು ತಗ್ಗಿಸಿತು. ಅದರಿಂದ ಗಾರೆ ಕೆಲಸದವನ ಕೋಣೆಗೆ 40 ಯೂನಿಟ್ ದೊರೆಯುವಂತಾಯಿತು. ಮಹಡಿ ಮನೆಯ 198 ಹಾಗೆಯೇ ಉಳಿಯಿತು. ಅದನ್ನು ಬೇಡವೆನ್ನಬೇಕಾದವನು ಆ ಮನೆಯ ಯಜಮಾನನೇ.